ಸ್ಟಾರ್ ಎಣಿಸುವ ಮೊದಲು ಯೂನಿಟ್ ಓದು

ಪ್ರೀತಿಯ ಪುಟ್ಟಿ,

ಹೊಸ ಫ್ರಿಜ್ ಹುಡುಕುತ್ತಿದ್ದೀಯ ಅಂತ ನಿನ್ನಮ್ಮ ಹೇಳಿದಳು. ಬಣ್ಣ, ಗಾಜಿನ ಬಾಗಿಲು ಎಲ್ಲ ಆಮೇಲೆ ನೋಡು. ಮೊದಲು ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿದೆಯೋ ಅದನ್ನು ಓದು. ಹಗಲು ರಾತ್ರಿ, 365 ದಿನವೂ ಸ್ವಿಚ್ ಆರಿಸದೆ ಬಿಡುವ ಯಂತ್ರ ಇದು, ಅಲ್ವಾ?

ನಾನು ಹಿಂದೆ ಬರೀ ಸ್ಟಾರ್ ಎಣಿಸಿ ತಂದೆ. ಐದು ಸ್ಟಾರ್ ಇತ್ತು, ದೊಡ್ಡದಿತ್ತು, ಆದರೂ ಬಿಲ್ ಇಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಸ್ಟಾರ್ ಕೊಡುವುದು ಅದೇ ಬಗೆಯ, ಹೆಚ್ಚುಕಮ್ಮಿ ಅದೇ ಅಳತೆಯ ಫ್ರಿಜ್‌ಗಳ ಜೊತೆ ಹೋಲಿಸಿ. ಹಾಗಾಗಿ ಮೂರು ಸ್ಟಾರಿನ ಸಣ್ಣ ಫ್ರಿಜ್ ಐದು ಸ್ಟಾರಿನ ದೊಡ್ಡದಕ್ಕಿಂತ ಕಡಿಮೆ ಕರೆಂಟ್ ಎಳೆಯಬಹುದು. ಯೂನಿಟ್ ಲೆಕ್ಕದಲ್ಲಿ ಆ ಗೊಂದಲ ಇಲ್ಲ. ಒಂದು ಫ್ರಿಜ್ ವರ್ಷಕ್ಕೆ 200 ಯೂನಿಟ್, ಇನ್ನೊಂದು 320 ಅಂದುಕೋ. 12 ವರ್ಷ ಇಟ್ಟುಕೊಂಡರೆ 1,440 ಯೂನಿಟ್ ವ್ಯತ್ಯಾಸ. ಅದನ್ನು ನಿನ್ನ ಯೂನಿಟ್ ದರದಿಂದ ಗುಣಿಸಿ, ಎರಡರ ಬೆಲೆಯ ವ್ಯತ್ಯಾಸದ ಪಕ್ಕದಲ್ಲಿಟ್ಟು ನೋಡು. ಅಂಗಡಿಯಲ್ಲಿ ಅಗ್ಗ ಅನಿಸಿದ್ದು ಕೊನೆಗೆ ದುಬಾರಿ ಆಗುವುದು ಇಲ್ಲೇ.

ನೀವು ಇಬ್ಬರೇ. ಮುಂದೆ ಬೇಕಾಗಬಹುದು ಅಂತ ಸುಮ್ನೆ ದೊಡ್ಡದು ತರಬೇಡ, ಖಾಲಿ ಜಾಗವನ್ನೂ ಅದು ತಣ್ಣಗೆ ಇಡಬೇಕು. 200ರಿಂದ 250 ಲೀಟರ್ ಸಾಕು ಅಂತ ನನಗನಿಸುತ್ತದೆ. ಫ್ರೀಜರ್ ಮೇಲಿರುವ ಮಾಡೆಲ್‌ಗಳು ಸಾಮಾನ್ಯವಾಗಿ ಪಕ್ಕಪಕ್ಕ ಬಾಗಿಲಿನವಕ್ಕಿಂತ ಕಡಿಮೆ ಕರೆಂಟ್ ಬಳಸುತ್ತವೆ. ಬಾಗಿಲಲ್ಲೇ ಐಸ್ ಕೊಡುವ ಸೌಕರ್ಯ ಇದ್ದರೆ ಖರ್ಚು ಜಾಸ್ತಿ.

ಇನ್ವರ್ಟರ್ ಕಂಪ್ರೆಸರ್ ಅಂತ ಹೇಳುತ್ತಾರೆ, ಕಂಪ್ರೆಸರ್ ಅಂದರೆ ಗ್ಯಾಸನ್ನು ಒತ್ತಿ ಫ್ರಿಜ್ ತಣ್ಣಗಿಡುವ ಪಂಪು. ಅದು ಕರೆಂಟ್ ಹೋದಾಗ ಬಳಸುವ ಬ್ಯಾಟರಿ ಇನ್ವರ್ಟರ್ ಅಲ್ಲ. ಹಳೆಯ ಬಗೆಯದು ಪೂರ್ತಿ ವೇಗದಲ್ಲಿ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಇದು ಬೇಕಾದಷ್ಟೇ ವೇಗದಲ್ಲಿ ನಿಧಾನವಾಗಿ ಓಡುತ್ತಾ ಇರುತ್ತದೆ, ಅದರಿಂದ ಕರೆಂಟ್ ಉಳಿಯುತ್ತದೆ, ಸದ್ದೂ ಕಡಿಮೆ. ನನ್ನ ಕೇಳಿದರೆ ಅದನ್ನೇ ತಗೋ. ತಣ್ಣಗೆ ಮಾಡಲು ಒಳಗೆ ತುಂಬಿರುವ ಗ್ಯಾಸ್ ಯಾವುದು ಅಂತಲೂ ನೋಡು. ಆರ್-600ಎ ಇದ್ದರೆ ಒಳ್ಳೆಯದು, ಹಳೆಯ ಆರ್-134ಎಗೆ ಹೋಲಿಸಿದರೆ ಅದು ಭೂಮಿಯನ್ನು ಬಿಸಿ ಮಾಡುವುದು ತೀರಾ ಕಡಿಮೆ.

ಮನೆಗೆ ಬಂದ ಮೇಲೆ ಒಲೆ ಪಕ್ಕ ಇಡಬೇಡ, ಬಿಸಿಲೂ ಬೀಳಬಾರದು. ಹಿಂದೆ, ಪಕ್ಕದಲ್ಲಿ ಎಷ್ಟು ಜಾಗ ಬಿಡಬೇಕು ಅಂತ ಅದರ ಪುಸ್ತಕದಲ್ಲಿ ಇರುತ್ತದೆ, ಅಷ್ಟು ಬಿಡು. ಒಳಗೆ 4 ಡಿಗ್ರಿ, ಫ್ರೀಜರ್‌ನಲ್ಲಿ ಮೈನಸ್ 18 ಸಾಕು, ಅದಕ್ಕಿಂತ ತಣ್ಣಗೆ ಮಾಡಿದರೆ ಬಿಲ್ ಏರುತ್ತದೆ ಅಷ್ಟೇ.

ಹಳೆಯ ಫ್ರಿಜ್ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಇರಲಿ ಬಿಡು ಅಂತ ಮೂಲೆಯಲ್ಲಿ ಚಾಲೂ ಇಡಬೇಡ. ಹೊಸದು ಉಳಿಸಿದ್ದನ್ನೆಲ್ಲ ಅದು ತಿಂದುಬಿಡುತ್ತದೆ. ಗ್ಯಾಸ್ ಸರಿಯಾಗಿ ತೆಗೆದು ವಿಲೇವಾರಿ ಮಾಡುವವರಿಗೇ ಕೊಡು.

ಮನಸ್ಸಿಗೆ ಬಂದ ಎರಡು ಮಾಡೆಲ್‌ಗಳ ಲೇಬಲ್ ಫೋಟೋ ಕಳಿಸು. ಅಡುಗೆಮನೆಯ ಆ ಜಾಗದ ಅಳತೆಯನ್ನೂ ಬರೆ. ಕೂತು ಲೆಕ್ಕ ಹಾಕೋಣ.

ನಿನ್ನ ದೊಡ್ಡಮ್ಮ