ಪ್ರಾಯೋಜಕರನ್ನು ಹುಡುಕುತ್ತಿರುವ ದಾನೇಶ್ವರಿಗೆ

ಬೆಳಗಾವಿ

ಚಿ. ದಾನೇಶ್ವರಿಗೆ ನಿನ್ನ ಕಾಕಾನ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ಪವರ್‌ಲಿಫ್ಟಿಂಗ್‌ನಲ್ಲಿ ಪದಕ ಬಂದರೂ ಯಾವ ದೊಡ್ಡ ಕಂಪನಿಯೂ ಕಣ್ಣೆತ್ತಿ ನೋಡುತ್ತಿಲ್ಲ, ಪ್ರೋಟೀನ್ ಪುಡಿಯ ಕಂಪನಿಯೊಂದು ಮಾತ್ರ ಎರಡು ವರ್ಷದ ಕರಾರು ಕಳಿಸಿದೆ, ಸಹಿ ಹಾಕಲೇ ಎಂದು ಕೇಳಿದ್ದೀಯ. ಇನ್ನೂ ಹಾಕಬೇಡ. ಟಿಳಕವಾಡಿಯ ಈ ಕ್ರೀಡಾ ಸಾಮಗ್ರಿಗಳ ಅಂಗಡಿಯಲ್ಲಿ ಕುಳಿತು ಕಂಪನಿಗಳ ಪ್ರತಿನಿಧಿಗಳ ಜೊತೆ ವರ್ಷಗಟ್ಟಲೆ ವ್ಯವಹರಿಸಿದವನು ನಾನು. ಅವರು ಯಾರಿಗೆ ದುಡ್ಡು ಬಿಚ್ಚುತ್ತಾರೆ, ಏಕೆ ಬಿಚ್ಚುತ್ತಾರೆ ಎಂಬುದನ್ನು ಹತ್ತಿರದಿಂದ ಬಲ್ಲೆ.

ಹಿಂದೆ ನಮ್ಮ ಕಡೆಯ ಪೈಲ್ವಾನರಿಗೆ ಕೊಲ್ಹಾಪುರವೇ ದಿಕ್ಕು. ಶಾಹು ಮಹಾರಾಜರು ಕುಸ್ತಿಗೆ ಆಶ್ರಯ ಕೊಟ್ಟರು, ಖಾಸಬಾಗ್ ಮೈದಾನವನ್ನೇ ಕಟ್ಟಿಸಿದರು. ಕಂಪನಿಯ ರೀತಿ ಬೇರೆ. ಈ ಹುಡುಗಿ ಹೇಳಿದರೆ ಎಷ್ಟು ಜನ ನಮ್ಮ ಸಾಮಾನು ಕೊಳ್ಳುತ್ತಾರೆ ಎಂದು ಅದು ಲೆಕ್ಕ ಹಾಕುತ್ತದೆ. ನಿನ್ನ ಪದಕ ಆ ಲೆಕ್ಕದಲ್ಲಿ ಅರ್ಧ. ಉಳಿದರ್ಧ ನಿನ್ನ ಮಾತನ್ನು ನಂಬುವ ಜನ. ಆ ನಂಬಿಕೆಯೇ ನಿನ್ನ ಬಂಡವಾಳ, ದಾನೇಶ್ವರಿ.

ಅದು ನಿನ್ನಲ್ಲಿ ಈಗಾಗಲೇ ಇದೆ. ಮಡಿಕೆಕಾಳಿನ ಉಸುಳಿ, ಜೋಳದ ರೊಟ್ಟಿ, ಗಟ್ಟಿ ಮೊಸರನ್ನು ತಟ್ಟೆಯಲ್ಲಿಟ್ಟುಕೊಂಡು ಪ್ರೋಟೀನ್ ಲೆಕ್ಕ ವಿವರಿಸಿದ ನಿನ್ನ ವಿಡಿಯೊದ ಕೆಳಗಿನ ಪ್ರಶ್ನೆಗಳನ್ನೆಲ್ಲ ಓದಿದೆ. ‘ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ, ಏನು ತಿನ್ನಲಿ ಅಕ್ಕಾ’ ಎಂದು ಇಳಕಲ್ಲಿನ ಹುಡುಗಿಯೊಬ್ಬಳು ಕೇಳಿದ್ದಳು. ನೀನು ಬೇಸರಿಸದೆ ಉದ್ದವಾಗಿ ಉತ್ತರಿಸಿದ್ದೆ. ಭಾರ ಎತ್ತಿ ಕೂಗು ಹಾಕುವ ವಿಡಿಯೊಗಳು ಊರಿಗೆ ಹತ್ತು ಸಿಗುತ್ತವೆ. ಆದರೆ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಕುಳಿತ ಕಂಪನಿಗೆ ಇಳಕಲ್, ಮುಧೋಳ, ಜಮಖಂಡಿಯ ಮನೆಗಳ ಒಳಗೆ ಹೋಗುವ ದಾರಿ ಗೊತ್ತಿಲ್ಲ. ಕನ್ನಡದಲ್ಲೇ ಮಾತನಾಡು, ಉತ್ತರ ಕೊಡುವುದನ್ನು ನಿಲ್ಲಿಸಬೇಡ. ಹಣ ಕೊಟ್ಟು ಫಾಲೋವರ್‌ಗಳನ್ನು ಕೊಳ್ಳುವ ಗೋಜಿಗಂತೂ ಹೋಗಲೇಬೇಡ. ಐವತ್ತು ಸಾವಿರ ಫಾಲೋವರ್ ಇದ್ದು ಹತ್ತು ಕಾಮೆಂಟ್ ಬಂದರೆ ಕಂಪನಿಯವರಿಗೆ ಆ ಕ್ಷಣವೇ ತಿಳಿಯುತ್ತದೆ.

ಇನ್ನು ಕೇಳುವ ರೀತಿ. ಒಬ್ಬ ಪ್ರತಿನಿಧಿ ತನಗೆ ಬಂದ ಸಂದೇಶಗಳನ್ನು ನನಗೆ ತೋರಿಸಿದ್ದ. ‘ಸರ್, ಸ್ಪಾನ್ಸರ್ ಮಾಡಿ’, ಕೆಳಗೆ ಕನ್ನಡಿ ಮುಂದೆ ನಿಂತ ಫೋಟೊ. ಮತ್ತೆ ಅದೇ ಸಾಲು, ಇನ್ನೊಬ್ಬನ ಫೋಟೊ. ಅವನು ಒಂದನ್ನೂ ತೆರೆಯದೆ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋದ. ನೀನು ಹೀಗೆ ಬರೆ: ‘ನಾನು ಬಾಗಲಕೋಟೆಯ ಪವರ್‌ಲಿಫ್ಟರ್, 63 ಕೆ.ಜಿ. ವಿಭಾಗ. ನನ್ನನ್ನು ನೋಡುವವರಲ್ಲಿ ಬಹುಪಾಲು ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಯುವತಿಯರು. ಮೊಣಕಾಲಿಗೆ ಹಾಕುವ ನಿಮ್ಮ ‘ನೀ ಸ್ಲೀವ್’ ಪಟ್ಟಿಯನ್ನು ನನ್ನ ದುಡ್ಡಿನಲ್ಲೇ ಕೊಂಡು ಬಳಸುತ್ತಿದ್ದೇನೆ. ಮುಂದಿನ ಸ್ಪರ್ಧೆಯ ತಯಾರಿಯ ಮೇಲೆ ನಾಲ್ಕು ಕನ್ನಡ ವಿಡಿಯೊ ಮಾಡಿಕೊಡುತ್ತೇನೆ. ಪ್ರವೇಶ ಶುಲ್ಕ, ಪ್ರಯಾಣದ ಖರ್ಚು ನಿಮ್ಮದಾಗಲಿ.’ ಪದಕದ ವಿವರ, ವಿಡಿಯೊಗಳ ನೈಜ ಅಂಕಿಅಂಶ ಜೊತೆಗಿರಲಿ. ಒಂದು ಪುಟ ಮೀರಬಾರದು. ಕೆಲಸ ಮುಗಿದ ಮೇಲೆ ಎಷ್ಟು ಜನ ನೋಡಿದರು, ಏನು ಕೇಳಿದರು ಎಂಬ ವರದಿಯನ್ನು ಅವರು ಕೇಳುವ ಮೊದಲೇ ಕಳಿಸು. ಎರಡನೇ ಸಲ ಹಣ ಬರುವುದು ಅದರಿಂದಲೇ.

ದೊಡ್ಡ ಹೆಸರುಗಳ ಹಿಂದೆಯೇ ಓಡಬೇಕಾಗಿಲ್ಲ. ಅಮೀನಗಡದ ಕರದಂಟು ಮಾಡುವವರನ್ನು ಕೇಳಿ ನೋಡು. ಬೆಲ್ಲ, ಅಂಟು, ಒಣಹಣ್ಣುಗಳ ಆ ತಿನಿಸನ್ನು ಭಾರ ಎತ್ತುವ ಹುಡುಗಿ ಕೈಯಲ್ಲಿ ಹಿಡಿದರೆ ಅದಕ್ಕಿಂತ ಒಪ್ಪುವ ಜಾಹೀರಾತು ಉಂಟೇ? ಬೆಲ್ಟ್ ಕಂಪನಿಯಾದರೆ ಮೊದಲು ಅಳತೆ ನೋಡು. ಅಂತಾರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಷನ್ ನಿಯಮದಂತೆ ಅಗಲ 10 ಸೆಂ.ಮೀ., ದಪ್ಪ 13 ಮಿ.ಮೀ. ಮೀರುವಂತಿಲ್ಲ. ಸ್ಪರ್ಧೆಯಲ್ಲಿ ಕಟ್ಟಿಕೊಳ್ಳಲಾಗದ ಬೆಲ್ಟನ್ನು ಹೊಗಳಿ ಏನು ಪ್ರಯೋಜನ?

ಈಗ ಆ ಪ್ರೋಟೀನ್ ಕಂಪನಿಯ ವಿಷಯ. ನನಗೆ ನಿಜವಾಗಿ ಹೆದರಿಕೆಯಿರುವುದು ಇಲ್ಲೇ. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಗಳ ಪರವಾನಗಿ ಸಂಖ್ಯೆ ಇರಲೇಬೇಕು. ಆದರೆ ಅದಿದ್ದ ಮಾತ್ರಕ್ಕೆ ಒಳಗೆ ನಿಷೇಧಿತ ದ್ರವ್ಯವಿಲ್ಲ ಎಂಬ ಖಾತರಿ ಸಿಗುವುದಿಲ್ಲ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ (ವಾಡಾ) ನಿಯಮದಲ್ಲಿ ಆಟಗಾರರ ದೇಹದಲ್ಲಿ ಪತ್ತೆಯಾದದ್ದಕ್ಕೆ ಆಟಗಾರರೇ ಹೊಣೆ. ‘ಕಂಪನಿ ಕೊಟ್ಟದ್ದು, ನನಗೆ ಗೊತ್ತಿರಲಿಲ್ಲ’ ಎಂದರೆ ಶಿಕ್ಷೆ ಕಡಿಮೆಯಾಗಬಹುದು, ತಪ್ಪು ಅಳಿಸುವುದಿಲ್ಲ. ಸ್ಟೆರಾಯ್ಡ್ ಸಿಕ್ಕರೆ ನಿಷೇಧ ಸಾಮಾನ್ಯವಾಗಿ 4 ವರ್ಷ. ಕಂಪನಿ ಮರುದಿನವೇ ಬೇರೆ ಮುಖ ಹುಡುಕಿಕೊಳ್ಳುತ್ತದೆ. ಪ್ರತಿ ಬ್ಯಾಚ್ ಅನ್ನೂ ಪರೀಕ್ಷಿಸಿ ‘ಇನ್‌ಫಾರ್ಮ್ಡ್ ಸ್ಪೋರ್ಟ್’ ಗುರುತು ಕೊಡುವ ವ್ಯವಸ್ಥೆ ಇದೆ. ಅಂಥ ಪರೀಕ್ಷೆಯ ದಾಖಲೆ ಇದೆಯೇ ಎಂದು ಬರಹದಲ್ಲೇ ಕೇಳು. ಉತ್ತರ ಬಾರದಿದ್ದರೆ ಆ ಪುಡಿಯನ್ನು ನೀನೂ ಮುಟ್ಟಬೇಡ, ಇಳಕಲ್ಲಿನ ಆ ಹುಡುಗಿಗೂ ಹೇಳಬೇಡ. ಅವಳು ನಿನ್ನನ್ನು ಅಕ್ಕಾ ಎಂದು ಕರೆದಿದ್ದಾಳೆ.

ದುಡ್ಡು ಪಡೆದು ಹೇಳಿದ್ದನ್ನು ಜಾಹೀರಾತು ಎಂದು ಕಾಣುವಂತೆ ಬರೆಯಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಕಂಪನಿಯೊಂದು ವರ್ಷದಲ್ಲಿ ಕೊಡುವ ವಸ್ತುಗಳ ಬೆಲೆ 20 ಸಾವಿರ ದಾಟಿದರೆ ಶೇ 10ರಷ್ಟು ತೆರಿಗೆ ಕಡಿತವೂ ಇದೆ, ಲೆಕ್ಕ ಬರೆದಿಡು. ಬ್ರ್ಯಾಂಡ್ ರಾಯಭಾರಿ ಮಾಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುವವರು ಮೋಸಗಾರರು. ಅಂಥವರಿಗೆ ಉತ್ತರವನ್ನೂ ಬರೆಯಬೇಡ.

ನೀನು ಕಳಿಸಿದ ಕರಾರನ್ನು ಎರಡು ಸಲ ಓದಿದೆ. ತಿಂಗಳಿಗೊಂದು ಡಬ್ಬಿ, ನಿನ್ನ ಕೋಡ್ ಬಳಸಿ ಕೊಂಡರೆ ಕಮಿಷನ್, ಅಷ್ಟೇ. ಡಬ್ಬಿ ತೋರಿಸಿದರೆ ರೈಲಿನ ಟಿಕೆಟ್ ಸಿಗುವುದಿಲ್ಲ. ಅದಕ್ಕೆ ಬದಲಾಗಿ ಎರಡು ವರ್ಷ ಬೇರೆ ಯಾವ ಕಂಪನಿಯ ಜೊತೆಗೂ ಸೇರಬಾರದು, ನಿನ್ನ ಫೋಟೊ ಅವರು ಎಂದೆಂದಿಗೂ ಬಳಸಬಹುದು ಎಂದಿದೆ. ಅವಧಿ ಆರು ತಿಂಗಳಾಗಲಿ. ನಿರ್ಬಂಧ ಪ್ರೋಟೀನ್ ಪುಡಿಗೆ ಮಾತ್ರ ಇರಲಿ, ಬೂಟು ಬೆಲ್ಟಿಗೆ ಬೇಡ. ಫೋಟೊ ಬಳಕೆ ಕರಾರಿನೊಂದಿಗೇ ಮುಗಿಯಲಿ, ಯಾವ ಉಡುಪಿನಲ್ಲಿ ಫೋಟೊ ಎಂಬುದು ನಿನ್ನ ಒಪ್ಪಿಗೆಯಂತೆ ಎಂದೂ ಬರೆಸು. ಹಣ ಎಷ್ಟು ದಿನದಲ್ಲಿ ಬರುತ್ತದೆ ಎಂಬ ಸಾಲೇ ಅದರಲ್ಲಿಲ್ಲ, ಅದನ್ನೂ ಸೇರಿಸಲು ಹೇಳು. ಒಪ್ಪದಿದ್ದರೆ ನಮಸ್ಕಾರ ಹೇಳಿ ಬಿಟ್ಟುಬಿಡು. ಮುಂದಿನ ಸ್ಪರ್ಧೆಯ ಪ್ರಯಾಣದ ಖರ್ಚು ನಾನು ಕೊಡುತ್ತೇನೆ, ಆ ಚಿಂತೆಗೆ ಬಿದ್ದು ಸಹಿ ಹಾಕಬೇಡ.

ತಿದ್ದಿದ ಕರಾರು ಬಂದರೆ ವಾಟ್ಸ್ಆ್ಯಪ್‌ನಲ್ಲಿ ಕಳಿಸು, ನಮ್ಮ ವಕೀಲರಿಗೂ ತೋರಿಸುತ್ತೇನೆ. ಅಣ್ಣನಿಗೆ, ವೈನಿಯವರಿಗೆ ನಮಸ್ಕಾರ ತಿಳಿಸು.

ನಿನ್ನ ಕಾಕಾ