ಶೇ 60 ಎಂದರೆ ಆಯುಸ್ಸಿನ ಲೆಕ್ಕವಲ್ಲ

ಮಾನ್ಯರೇ,

ಶ್ವಾಸಕೋಶದ ಕ್ಯಾನ್ಸರ್ ಇರುವ ನಮ್ಮ ದೊಡ್ಡಪ್ಪನ ಬಯಾಪ್ಸಿ ರಿಪೋರ್ಟಿನಲ್ಲಿ ‘ಪಿಡಿ-ಎಲ್‌1: ಶೇ 60’ ಎಂದಿತ್ತು. ಶ್ರೀನಿವಾಸಪುರದ ಮನೆಯಲ್ಲಿ ಅದನ್ನು ಓದಿ ಒಬ್ಬರು ‘ಬದುಕೋ ಚಾನ್ಸ್ ಇಷ್ಟು’ ಎಂದರು. ದೊಡ್ಡಮ್ಮ ರೋಗ ಅಷ್ಟು ಹಬ್ಬಿದೆ ಎಂದು ಅತ್ತರು. ಎರಡೂ ಅಲ್ಲ.

ಪಿಡಿ-ಎಲ್‌1 ಒಂದು ಪ್ರೊಟೀನ್. ಗಡ್ಡೆಯ ಜೀವಕೋಶಗಳು ಅದನ್ನು ಮೈಮೇಲೆ ಹೊತ್ತು, ದೇಹ ಕಾಯುವ ಟಿ ಕೋಶಗಳ ಕೈ ಕಟ್ಟಿಹಾಕುತ್ತವೆ. ಗಡ್ಡೆಯ ನೂರು ಕೋಶ ನೋಡಿದರೆ ಅರವತ್ತರಲ್ಲಿ ಅದು ಕಂಡಿದೆ, ಅಷ್ಟೇ. ಆ ಕಟ್ಟು ಬಿಚ್ಚುವ ಇಮ್ಯುನೊಥೆರಪಿ ಔಷಧಿಗಳಿಗೆ ದಾರಿ ಮಾಡಿದ ವಿಜ್ಞಾನಿಗಳಾದ ಆಲಿಸನ್ ಮತ್ತು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಸಿಕ್ಕಿತು. ಕೆಲವು ಬಗೆಯ ಶ್ವಾಸಕೋಶ ಕ್ಯಾನ್ಸರಿನಲ್ಲಿ ಶೇ 50 ಮುಟ್ಟಿದರೆ ಆ ಔಷಧಿ ಹಿಡಿಯುವ ಸಾಧ್ಯತೆ ಜಾಸ್ತಿ. ಗ್ಯಾರಂಟಿಯಂತೂ ಅಲ್ಲ, ಕಡಿಮೆ ಇದ್ದವರಿಗೂ ಕೆಲವೊಮ್ಮೆ ಹಿಡಿಯುತ್ತದೆ. ಮುಂದಿನ ದಿನಗಳು ಹೇಗಿರುತ್ತವೆ ಎನ್ನಲು ರೋಗದ ಹಂತ, ಜೀನ್ ಬದಲಾವಣೆ, ರೋಗಿಯ ತ್ರಾಣ ಎಲ್ಲವನ್ನೂ ನೋಡಬೇಕು. (ಔಷಧಿಯ ಬೆಲೆ ಬೇರೆಯೇ ಕಥೆ!)

ಲ್ಯಾಬಿನವರು ಆ ಸಂಖ್ಯೆಯ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಯಬಾರದೇ? ದೊಡ್ಡ ಖರ್ಚೇನೂ ಅಲ್ವಲ್ಲ. ಕೋಲಾರದಲ್ಲಿ ವಾರಕ್ಕೊಮ್ಮೆಯಾದರೂ ರಿಪೋರ್ಟ್ ಬಿಡಿಸಿ ಹೇಳುವವರನ್ನು ಆರೋಗ್ಯ ಇಲಾಖೆ ಕೂರಿಸಲಿ. ಇಷ್ಟಕ್ಕೇ ರೋಗಿಯನ್ನು ಕರೆದುಕೊಂಡು ಬೆಂಗಳೂರು ಬಸ್ಸು ಹತ್ತುವುದು ತಪ್ಪುತ್ತದೆ.

– ಓದುಗ, ಶ್ರೀನಿವಾಸಪುರ, ಕೋಲಾರ ಜಿಲ್ಲೆ