ನಾಲ್ಕು ವರ್ಷ ಜೊತೆಗೆ ಕೂತು ಓದಿದವರಿಗೆ

ಇಎಫ್‌ಎಂ ಮುಗಿಯಿತು. ಪೂರ್ತಿ ಹೆಸರು ಎಜುಕೇಶನ್ ಫಾರ್ ಮಿನಿಸ್ಟ್ರಿ, ನಾಲ್ಕು ವರ್ಷದ ಓದು. ಭಾನುವಾರ ಆರಾಧನೆಯ ಕೊನೆಗೆ ಸಭಾಪಾಲಕರು ಪ್ರಮಾಣಪತ್ರ ಕೈಗೆ ಕೊಟ್ಟಾಗ ಥ್ಯಾಂಕ್ಸ್ ಅಂದೆ, ಅಷ್ಟೇ ಬಾಯಿಗೆ ಬಂದದ್ದು. ಹೇಳಬೇಕಾದ್ದು ಅದಕ್ಕಿಂತ ತುಂಬಾ ಜಾಸ್ತಿ ಇದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. "ಹಾಗಾದ್ರೆ ಇನ್ನು ನೀವು ಪಾದ್ರಿ ಆಗ್ತೀರಾ?" ಎಂದು ಅವತ್ತು ಎಷ್ಟೋ ಜನ ಕೇಳಿದಿರಿ. ಇಲ್ಲ, ಇದು ಪಾದ್ರಿ ಆಗುವವರ ಓದಲ್ಲ. ಅಮೆರಿಕದ ಟೆನೆಸೀ ರಾಜ್ಯದ ಸುವಾನಿ ಎಂಬಲ್ಲಿ ಯೂನಿವರ್ಸಿಟಿ ಆಫ್ ದ ಸೌತ್ ಇದೆ. ಅಲ್ಲಿನ ದೇವತಾಶಾಸ್ತ್ರ ಶಾಲೆ 1975ರಲ್ಲಿ ಇದನ್ನು ಶುರು ಮಾಡಿದ್ದು ನಮ್ಮಂಥವರಿಗಾಗಿಯೇ, ಅಂದರೆ ಚರ್ಚಿನ ಬೆಂಚಿನಲ್ಲಿ ಕೂರುವವರಿಗೆ. ದೀಕ್ಷಾಸ್ನಾನ ಆದ ಎಲ್ಲರಿಗೂ ಒಂದು ಸೇವೆ ಇದೆ, ಅದಕ್ಕೆ ತಯಾರಿ ಬೇಕು ಅನ್ನೋದು ಅದರ ಹಿಂದಿನ ನಂಬಿಕೆ. ಮೊದಲ ವರ್ಷ ಬೈಬಲಿನ ಹಳೆಯ ಒಡಂಬಡಿಕೆ, ಎರಡನೇ ವರ್ಷ ಹೊಸ ಒಡಂಬಡಿಕೆ, ಮೂರನೇ ವರ್ಷ ಕ್ರೈಸ್ತ ಸಭೆಯ ಚರಿತ್ರೆ, ನಾಲ್ಕನೇ ವರ್ಷ ದೇವತಾಶಾಸ್ತ್ರ. ಬೇರೆ ಬೇರೆ ವರ್ಷದವರು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಒಬ್ಬರು ಹಳೆಯ ಒಡಂಬಡಿಕೆಯ ವಿಮೋಚನಕಾಂಡ ಓದಿ ಬಂದಿರುತ್ತಾರೆ, ಪಕ್ಕದವರು ಕ್ರಿ.ಶ. 325ರಲ್ಲಿ ಬಿಷಪರು ಸೇರಿದ ನೈಸೀಯ ಸಭೆಯ ಜಗಳ ಓದಿ ಬಂದಿರುತ್ತಾರೆ. ಮೊದಮೊದಲು ಇದೆಂಥಾ ಗೊಂದಲ ಅನ್ನಿಸುತ್ತದೆ. ಆಮೇಲೆ ಗೊತ್ತಾಗುತ್ತದೆ, ಮಾತು ಬೆಳೆಯುವುದೇ ಅಲ್ಲಿ.

ದೀಕ್ಷಾಸ್ನಾನದ ನಂಬಿಕೆಯನ್ನು ನಾವೇ ಒಪ್ಪಿಕೊಳ್ಳುವ ದೃಢೀಕರಣದ ವಿಧಿಗೆ ಮುಂಚೆ ತರಗತಿಯಲ್ಲಿ ಕಲಿಯುತ್ತೇವೆ, ಬಿಷಪರು ತಲೆಯ ಮೇಲೆ ಕೈಯಿಟ್ಟ ದಿನ ಕಲಿಕೆ ಮುಗಿಯುತ್ತದೆ, ಆಮೇಲೆ ಪ್ರಸಂಗ ಕೇಳಿದರೆ ಸಾಕು. ನಮ್ಮಲ್ಲಿ ಹೆಚ್ಚಿನವರ ಬದುಕು ಹೀಗೇ ನಡೆಯುತ್ತದೆ, ಅಲ್ವಾ? ನಾನು ಇಷ್ಟು ಉದ್ದ ಥ್ಯಾಂಕ್ಸ್ ಹೇಳುತ್ತಿರುವುದು ನಮ್ಮ ಪ್ಯಾರಿಷ್, ಅಂದರೆ ನಮ್ಮ ಚರ್ಚಿನ ಸಮುದಾಯ, ಅಷ್ಟಕ್ಕೇ ನಿಲ್ಲಿಸಲಿಲ್ಲ ಅನ್ನೋದಕ್ಕೆ.

ಪ್ರತಿ ವರ್ಷದ ಮೊದಲ ವಾರಗಳಲ್ಲಿ ಪುಸ್ತಕಕ್ಕಿಂತ ಜಾಸ್ತಿ ನಮ್ಮ ಬದುಕೇ ಪಾಠ. ಎಲ್ಲರೂ ತಮ್ಮ ಕಥೆ ಹೇಳಬೇಕು, ದೇವರು ಅದರಲ್ಲಿ ಎಲ್ಲಿದ್ದ, ಎಲ್ಲಿ ಇದ್ದಂತೆಯೇ ಕಾಣಲಿಲ್ಲ ಅನ್ನೋದನ್ನೂ ಸೇರಿಸಿ. ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಸಲಹೆ ಕೊಡುವ ಹಾಗಿಲ್ಲ. ಹೊರಗೆ ಹೋಗಿ ಹೇಳುವ ಹಾಗಂತೂ ಇಲ್ಲವೇ ಇಲ್ಲ. ನಮ್ಮ ಗುಂಪಿನ ಹಿರಿಯ ಅಮ್ಮನ ಒಪ್ಪಿಗೆ ಕೇಳಿಯೇ ಇಷ್ಟು ಬರೆಯುತ್ತಿದ್ದೇನೆ: ಮೊದಲ ವರ್ಷ ಅವರು ಹುಟ್ಟು, ಮದುವೆ, ಮಕ್ಕಳು ಅಂತ ಇಸವಿಗಳ ಪಟ್ಟಿ ಓದಿ ಕೂತುಬಿಟ್ಟರು. ಮುಂದಿನ ವರ್ಷ ತಾವು ಇದ್ದ ಮನೆಗಳ ಕಥೆ ಹೇಳಿದರು. ಅದರ ಮುಂದಿನ ವರ್ಷ, ತಮಗಾಗಿ ಪ್ರಾರ್ಥನೆ ಮಾಡಿದವರ ಕಥೆ. ಅದೇ ಬದುಕು, ಆದರೆ ಹೇಳುವವರು ಬೇರೆಯೇ ಆಗಿದ್ದರು. ಆತ್ಮಿಕ ಬೆಳವಣಿಗೆ ಅಂತ ಪ್ರಸಂಗಗಳಲ್ಲಿ ಎಷ್ಟೋ ಸಲ ಕೇಳಿದ್ದೆ, ಒಬ್ಬ ಮನುಷ್ಯರಲ್ಲಿ ಅದು ನಡೆಯುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅಮ್ಮಾ, ನೀವು ಎಪ್ಪತ್ತು ದಾಟಿದ ಮೇಲೆ ಪೆನ್ಸಿಲ್ ಹಿಡಿದು ರೋಮಾಪುರದವರಿಗೆ ಬರೆದ ಪತ್ರದ ಪಕ್ಕ ಪ್ರಶ್ನೆಗಳನ್ನು ಬರೆದುಕೊಂಡು ಬರುತ್ತಿದ್ದಿರಿ. ಆ ಪ್ರಶ್ನೆಗಳು ನಮ್ಮೆಲ್ಲರನ್ನೂ ಎಬ್ಬಿಸುತ್ತಿದ್ದವು.

ನನ್ನ ಮೂರನೇ ವರ್ಷದಲ್ಲಿ ಅಪ್ಪ ತೀರಿಕೊಂಡರು. ಬಹಳ ದಿನ ಆಸ್ಪತ್ರೆ, ಆಮೇಲೆ ಒಂದು ರಾತ್ರಿ ಎಲ್ಲ ಮುಗಿಯಿತು. ನಾನು ಓದು ಬಿಟ್ಟುಬಿಡುತ್ತೇನೆ ಎಂದೆ. ಗುಂಪನ್ನು ನಡೆಸುವ ನಮ್ಮ ಮೆಂಟರ್ "ಓದಬೇಡಿ, ಬನ್ನಿ ಸಾಕು" ಎಂದರು. ಸುಮ್ನೆ ಬಂದು ಕೂತೆ. ಓದಿಲ್ಲ ಯಾಕೆ ಎಂದು ಯಾರೂ ಕೇಳಲಿಲ್ಲ.

ಬೆಳಗಿನ ಪ್ರಾರ್ಥನೆ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ಅಲ್ಲಿ ಬರುವವರು ತೀರಾ ಕಡಿಮೆ, ಅವರಿಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಆಂಗ್ಲಿಕನ್ ಸಭೆಯ 1662ರ ಸಾಮಾನ್ಯ ಪ್ರಾರ್ಥನಾ ಪುಸ್ತಕದ ಕ್ರಮದಲ್ಲಿ ಬೈಬಲಿನ 150 ಕೀರ್ತನೆಗಳನ್ನೂ ಒಂದು ತಿಂಗಳಲ್ಲಿ, ಬೆಳಗ್ಗೆ ಸಂಜೆ ಹಂಚಿ, ಓದಿ ಮುಗಿಸುತ್ತಾರೆ. ಅವತ್ತು ನಮ್ಮ ಮನಸ್ಸು ಹೇಗಿದೆ ಎಂದು ಪುಸ್ತಕ ಕೇಳುವುದಿಲ್ಲ. ಹದಿನೇಳನೇ ತಾರೀಕು ಬೆಳಗ್ಗೆ ಎಂದರೆ 86, 87, 88. ಅಪ್ಪನ ಸಮಾಧಿ ಆದ ಮೇಲೆ ನಾನು ಮತ್ತೆ ಹೋದ ದಿನ ಹದಿನೇಳನೇ ತಾರೀಕೇ ಆಗಿತ್ತು.

88ನೇ ಕೀರ್ತನೆ ಓದಿದವರಿಗೆ ಗೊತ್ತು, ಅದರಲ್ಲಿ ಕೊನೆಗೂ ಬೆಳಕು ಬರುವುದಿಲ್ಲ. ಬೇರೆ ದುಃಖದ ಕೀರ್ತನೆಗಳು ಎಲ್ಲೋ ಒಂದು ಕಡೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಮುಗಿದ ಕೂಡಲೇ, ಬೇರೆ ಎಲ್ಲ ಕೀರ್ತನೆಗಳ ನಂತರ ಹೇಳುವ ಹಾಗೆಯೇ, ತಂದೆಗೂ ಮಗನಿಗೂ ಪವಿತ್ರಾತ್ಮನಿಗೂ ಮಹಿಮೆ ಎಂದು ಹೇಳಬೇಕು. ನನಗೆ ಆಗಲಿಲ್ಲ, ದನಿ ಹೊರಡಲಿಲ್ಲ. ಎದುರು ಸಾಲಿನಲ್ಲಿದ್ದವರು ಹೇಳಿದರು, ದಿನಾ ಹೇಳುವ ಹಾಗೇ, ಅವಸರವಿಲ್ಲದೆ. ನನ್ನ ಕಡೆ ತಿರುಗಿ ನೋಡಲೂ ಇಲ್ಲ. ನಾನು ಹೇಳಲಾಗದ್ದನ್ನು ಸಭೆ ನನ್ನ ಪರವಾಗಿ ಹೇಳುತ್ತಿತ್ತು. ಮತ್ತೆ ನನಗೆ ಅದನ್ನು ಹೇಳಲು ಆಗುವ ತನಕ ನೀವು ಹಾಗೆಯೇ ಹೇಳುತ್ತಾ ಹೋದಿರಿ. ನಿಮಗೆ ಇದು ನೆನಪಿರಲಿಕ್ಕೂ ಇಲ್ಲ. ನನಗೆ ಇದೆ.

ಗುಂಪಿಗೆ ವಾಪಸ್ ಬಂದ ಮೇಲೆ ಒಂದು ಮಾತನ್ನು ಎಲ್ಲರ ಮುಂದಿಟ್ಟೆ. ಸಂಬಂಧಿಕರೊಬ್ಬರು ಶವಪೆಟ್ಟಿಗೆಯ ಪಕ್ಕ ನಿಂತು "ಎಲ್ಲಾ ದೇವರ ಚಿತ್ತ, ಅಳಬೇಡ" ಎಂದಿದ್ದರು. ಅದು ಮುಳ್ಳಿನ ಹಾಗೆ ಒಳಗೇ ಉಳಿದಿತ್ತು. ಇಎಫ್‌ಎಂನಲ್ಲಿ ಇಂಥ ಒಂದು ಸಂಗತಿಯನ್ನು ಮೇಜಿನ ಮೇಲಿಟ್ಟು ನಾಲ್ಕು ಕಡೆಯಿಂದ ನೋಡುವ ಕ್ರಮ ಇದೆ: ನಮ್ಮ ಅನುಭವ, ಸಭೆಯ ಪರಂಪರೆ, ಸುತ್ತಲಿನ ಸಂಸ್ಕೃತಿ, ಕೊನೆಗೆ ನಾವು ನಿಜವಾಗಿ ಏನು ನಂಬುತ್ತೇವೆ ಅನ್ನೋದು. ಒಬ್ಬರು ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರನ್ನು ನೆನಪಿಸಿದರು. ಅವರು ಏಳು ದಿನ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕೂತರು, ಅಲ್ಲಿಯ ತನಕ ಎಲ್ಲ ಸರಿ ಇತ್ತು, ಬಾಯಿ ತೆರೆದ ಮೇಲೆಯೇ ಕೆಟ್ಟಿದ್ದು. ಇನ್ನೊಬ್ಬರು ಸತ್ತ ಸ್ನೇಹಿತ ಲಾಜರನ ಸಮಾಧಿ ಹತ್ತಿರ ಯೇಸು ಅತ್ತದ್ದನ್ನು ಹೇಳಿದರು, ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತದ್ದು. ಆಮೇಲೆ ಮೆಂಟರ್ ಆ ಸಂಬಂಧಿಕರ ಕಡೆಯಿಂದಲೂ ನೋಡೋಣ ಎಂದರು. ಸಾವಿನ ಎದುರು ಏನಾದರೂ ಹೇಳಲೇಬೇಕು ಅನ್ನೋ ಭಯ ಅವರಿಗೆ ಎಲ್ಲಿಂದ ಬಂದಿರಬಹುದು? ಅವರ ದುಃಖದಲ್ಲಿ ಅವರಿಗೆ ಯಾರು ಏನು ಹೇಳಿದ್ದರು? ಎರಡು ಗಂಟೆ ಮಾತಾಡಿದೆವು. ಈ ಕ್ರಮದ ಕೊನೆಯ ಪ್ರಶ್ನೆ ಯಾವಾಗಲೂ ಒಂದೇ, ಇನ್ನು ನೀನು ಏನು ಮಾಡುತ್ತೀ? ನಾನು ಅವರ ಮನೆಗೆ ಹೋಗಿ ಅಪ್ಪನ ಬಗ್ಗೆ ಮಾತಾಡಿ ಬಂದೆ. ಇಬ್ಬರೂ ಅತ್ತೆವು. ಆಮೇಲೆ ನಮ್ಮ ಪ್ಯಾರಿಷ್‌ನಲ್ಲಿ ಸಾವಾದ ಮನೆಗಳಿಗೆ ಹೋಗುವವರ ಜೊತೆ ನಾನೂ ಸೇರಿದೆ. ಪುಸ್ತಕದ ಓದು ಕಾಲಿಗೆ ಇಳಿಯುವುದು ಹೀಗೆ.

ಆ ವರ್ಷದ ಪಾಠದಲ್ಲೇ ಇಂಗ್ಲೆಂಡಿನ ಆರ್ಚ್‌ಬಿಷಪ್ ಕ್ರಾನ್ಮರ್ ಬಂದ. ಆ ಪ್ರಾರ್ಥನಾ ಪುಸ್ತಕದ ಮೊದಲ ರೂಪವನ್ನು 1549ರಲ್ಲಿ ಇಂಗ್ಲಿಷಿನಲ್ಲಿ ಕೊಟ್ಟವನು, ಸೆರೆಮನೆಯಲ್ಲಿ ಹೆದರಿ ತನ್ನ ನಂಬಿಕೆಯನ್ನೇ ಅಲ್ಲಗಳೆದು ಸಹಿ ಹಾಕಿದವನು, 1556ರಲ್ಲಿ ಆಕ್ಸ್‌ಫರ್ಡಿನಲ್ಲಿ ತನ್ನನ್ನು ಜೀವಂತ ಸುಡುವಾಗ ಆ ಸಹಿ ಹಾಕಿದ ಬಲಗೈಯನ್ನೇ ಮೊದಲು ಬೆಂಕಿಗೆ ಹಿಡಿದವನು. ಹೆದರಿದ ಮನುಷ್ಯ ಬರೆದ ಪ್ರಾರ್ಥನೆಗಳನ್ನೇ ನಾವು ಇವತ್ತಿಗೂ ಹೇಳುತ್ತಿದ್ದೇವೆ ಅನ್ನೋದು ಆಗ ನನಗೆ ತುಂಬಾ ಧೈರ್ಯ ಕೊಟ್ಟಿತು. ದೇವರ ವಾಕ್ಯವನ್ನು ಕೇಳಿ, ಓದಿ, ಗಮನಿಸಿ, ಕಲಿತು, ಒಳಗೆ ಅರಗಿಸಿಕೊಳ್ಳುವಂತೆ ಕೃಪೆ ಕೊಡು ಎಂದು ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಎರಡನೇ ಭಾನುವಾರಕ್ಕೆ ಪ್ರಾರ್ಥನೆ ಬರೆದವನೂ ಅವನೇ. ಆ ಕೊನೆಯದಕ್ಕೆ ತುಂಬಾ ಸಮಯ ಬೇಕು, ಅವಸರ ಮಾಡಿದರೆ ಆಗುವುದಿಲ್ಲ.

ಈಗ ಉಳಿದವರಿಗೆ. ನಮ್ಮ ಮೆಂಟರ್‌ಗೆ, ಉತ್ತರ ಗೊತ್ತಿದ್ದೂ ತಡೆದುಕೊಂಡು ನಾವು ಹುಡುಕುವ ತನಕ ಕಾದದ್ದಕ್ಕೆ. ಸಭಾಪಾಲಕರಿಗೆ, ನಾವು ಎತ್ತಿದ ಯಾವ ಪ್ರಶ್ನೆಗೂ ಮುಖ ಗಂಟು ಹಾಕದೆ ಇದ್ದದ್ದಕ್ಕೆ, ಕೆಲವನ್ನು ಪ್ರಸಂಗದಲ್ಲೇ ಎತ್ತಿಕೊಂಡು ಮಾತಾಡಿದ್ದಕ್ಕೆ. ಶುಲ್ಕ ಕಟ್ಟಲಾಗದವರ ಹೆಸರು ಹೊರಗೆ ಬರದ ಹಾಗೆ ತುಂಬಿಕೊಟ್ಟವರಿಗೆ. ವಾರ ವಾರವೂ ಬೀಗ ತೆಗೆದು, ಕುರ್ಚಿ ಜೋಡಿಸಿ, ರಾತ್ರಿ ತಡವಾದರೂ ಕಾದವರಿಗೆ. ಮನೆಯವರಿಗೆ, ಅಷ್ಟೂ ಸಂಜೆಗಳನ್ನು ಬಿಟ್ಟುಕೊಟ್ಟದ್ದಕ್ಕೆ. ಮತ್ತೆ ಭಾನುವಾರ ಶಾಲೆಯ ಮಕ್ಕಳಿಗೆ, "ನೀವಿನ್ನೂ ಸ್ಕೂಲಿಗೆ ಹೋಗ್ತೀರಾ?" ಎಂದು ಕಣ್ಣರಳಿಸಿ ಕೇಳಿದ್ದಕ್ಕೆ. ಹೌದು ಮಕ್ಕಳೇ, ಹೋಗುತ್ತೇನೆ.

ಹೊಸ ಗುಂಪು ಶುರುವಾಗಲಿದೆ. ನಾಲ್ಕು ವರ್ಷ ಅಂದ ಕೂಡಲೇ ಹೆದರಬೇಡಿ, ಒಂದು ಸಲಕ್ಕೆ ಒಂದು ವರ್ಷಕ್ಕೆ ಮಾತ್ರ ಹೆಸರು ಕೊಟ್ಟರೆ ಸಾಕು. ಮೊದಲೇ ಏನೂ ಓದಿರಬೇಕಿಲ್ಲ, ನಂಬಿಕೆ ಗಟ್ಟಿ ಇರಬೇಕು ಅಂತಲೂ ಇಲ್ಲ. ಹೆಸರು ಕೊಡುವ ಮುಂಚೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಆರಾಧನೆ ಮುಗಿದ ಮೇಲೆ ನನ್ನನ್ನು ಹಿಡಿದು ಕೇಳಿ. ಹಿರಿಯ ಅಮ್ಮನನ್ನು ಕೇಳಿದರೆ ಇನ್ನೂ ಒಳ್ಳೆಯದು, ಅವರಿಗೆ ಇನ್ನೂ ಒಂದು ವರ್ಷ ಬಾಕಿ ಇದೆ.